ಎರಡನೇ ಆಲ್ಬಮ್ಮಿಗೆ ನಾನು ಕೊಡದ ಸ್ವರ

ಅನುಮಾನ ನನಗೆ ಹುಟ್ಟಿನಿಂದಲೇ ಅಂಟಿಕೊಂಡು ಬಂದದ್ದು ಎಂದು ನಮ್ಮ ಮನೆಯವರು ಹೇಳಿಕೊಂಡು ತಿರುಗುತ್ತಾರೆ. ಶುದ್ಧ ಸುಳ್ಳು. ಮದಲೂರಿನಲ್ಲಿ ಅಪ್ಪನ ಮನೆಯಲ್ಲಿದ್ದಷ್ಟು ಕಾಲ ನಾನು ಯಾರು ಏನು ಹೇಳಿದರೂ ನಂಬುತ್ತಿದ್ದೆ. ಮದುವೆಯಾಗಿ ಮಧುಗಿರಿಗೆ ಬಂದ ಮೇಲೆ, ಅದರಲ್ಲೂ ಸರ್ಕಾರಿ ಶಾಲೆಯಲ್ಲಿ ಟೀಚರ್ ಆದ ಮೇಲೆ ಕಲಿತ ವಿದ್ಯೆ ಇದು. ಹೊಟ್ಟೆನೋವು ಅಂದ ಹುಡುಗನ ಕಣ್ಣು ನೋಡುತ್ತೇನೆ, ಬೆಳಿಗ್ಗೆ ಕಿತ್ತ ಸೊಪ್ಪು ಅಂದವನ ಸೊಪ್ಪಿನ ಬೇರು ನೋಡುತ್ತೇನೆ. ಬಹಳಷ್ಟು ಸಲ ನನ್ನ ಅನುಮಾನವೇ ಸರಿ ಇರುತ್ತದೆ. ತಪ್ಪಾದ ಸಲ, ಎದುರಿನವರು ಚೆನ್ನಾಗಿ ಸುಳ್ಳು ಹೇಳಿದ್ದಾರೆ ಎಂದು ಸುಮ್ಮನಾಗುತ್ತೇನೆ.

ಇಂಥ ಬುದ್ಧಿ ಇಟ್ಟುಕೊಂಡು ನಾನು ಇನ್ನೊಬ್ಬಳ ಜೊತೆ ಸೇರಿ ಹಾಡು ಮಾಡಲು ಹೊರಟದ್ದೇ ಒಂದು ಸೋಜಿಗ. ಆ ಇನ್ನೊಬ್ಬಳು ನನ್ನ ಓರಗಿತ್ತಿ, ಮೈದುನನ ಹೆಂಡತಿ. ಪಾವಗಡದ ಕಡೆಯವಳು. ಅರ್ಧ ಕನ್ನಡ, ಅರ್ಧ ತೆಲುಗು, ಸಿಟ್ಟು ಬಂದರೆ ಪೂರ್ತಿ ತೆಲುಗು. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದಿದವಳು, ಕೈಗೆ ಸ್ಕ್ರೂಡ್ರೈವರ್ ಸಿಕ್ಕಿದರೆ ಊಟ ಮರೆಯುವವಳು. ನಾವು ಕೆಳಗಿನ ಮನೆಯಲ್ಲಿ, ಅವರು ಮಹಡಿಯಲ್ಲಿ. ಅಡುಗೆ ಮಾತ್ರ ಎಲ್ಲರಿಗೂ ಒಂದೇ ಒಲೆಯಲ್ಲಿ, ಯಾಕೆಂದರೆ ಅತ್ತೆಗೆ ಎರಡು ಒಲೆ ಅಂದರೆ ಮನೆ ಒಡೆದಂತೆ.

ನನಗೆ ಕೆಲಸ ಮಾಡುವಾಗ ಗುನುಗುವ ಅಭ್ಯಾಸ. ಹಿಟ್ಟು ಜರಡಿ ಹಿಡಿಯುವಾಗ, ರೊಟ್ಟಿ ತಟ್ಟುವಾಗ, ನನಗೇ ಗೊತ್ತಿಲ್ಲದೆ ಬಾಯಿ ಹಾಡುತ್ತಿರುತ್ತದೆ. ಅವಳು ಅದನ್ನು ಕೇಳಿಸಿಕೊಂಡು ಒಂದು ದಿನ ಲ್ಯಾಪ್‌ಟಾಪು ತಂದು ಅಡುಗೆಮನೆಯ ಕಟ್ಟೆ ಮೇಲೆ ಇಟ್ಟಳು. ಬಸ್ಸಿನ ಕಿಟಕಿ, ಸ್ಕೂಲಿನ ಬೆಲ್ಲು, ಹೋಗಿ ಬಂದು ಮಾಡುವ ಕರೆಂಟು, ಇಂಥವುಗಳ ಮೇಲೆ ನಾನು ಪದ ಬರೆದೆ, ಹಾಡಿದೆ. ಅವಳು ಅದರ ಕೆಳಗೆ ಧಿಮ್ ಧಿಮ್ ಎಂದು ಯಂತ್ರದ ತಾಳ ಹಾಕಿದಳು. ಅವಳ ಕೋಣೆಯ ಬೀರು ತೆರೆದು, ನೇತುಹಾಕಿದ ಸೀರೆಗಳ ನಡುವೆ ಮುಖ ತೂರಿಸಿ ಹಾಡಿದರೆ ದನಿ ಗೋಡೆಗೆ ಹೊಡೆದು ವಾಪಸ್ಸು ಬರುವುದಿಲ್ಲ ಎಂದು ಅವಳೇ ಕಂಡುಹಿಡಿದದ್ದು. ನಮ್ಮ ಮೊದಲ ಆಲ್ಬಮ್ಮು ಪೂರ್ತಿ ಅವಳ ಮದುವೆ ಸೀರೆಗಳೊಳಗೆ ಹುಟ್ಟಿತು. ಇಂಟರ್‌ನೆಟ್ಟಿಗೆ ಹಾಕಿದ ಮೇಲೆ ಯಾರೋ ಒಬ್ಬರು ಒಳ್ಳೆಯ ಎಲೆಕ್ಟ್ರೋಪಾಪ್ ಎಂದು ಬರೆದರು. ನಾವು ಮಾಡಿದ್ದಕ್ಕೆ ಅಂಥದೊಂದು ಹೆಸರಿದೆ ಎಂದು ನನಗೆ ಗೊತ್ತಾದದ್ದೇ ಆಗ. ಅತ್ತೆ ಮಾತ್ರ ಹಿಟ್ಟಿನ ಗಿರಣಿ ಮುಂದೆ ನಿಂತು ಯಾರೋ ಹಾಡಿದಂಗಿದೆ ಎಂದರು.

ಮದುವೆಯಾಗಿ ಬಂದಾಗ ಅವಳು ನನ್ನನ್ನು ‘ನೀವು’ ಎನ್ನುತ್ತಿದ್ದಳು. ಮೊದಲ ಆಲ್ಬಮ್ ಮುಗಿಯುವ ಹೊತ್ತಿಗೆ ‘ನೀನು’ ಆಗಿತ್ತು. ನನಗೆ ಅದು ಇಷ್ಟವಾಗಿತ್ತು, ಹೇಳಿರಲಿಲ್ಲ.

ಎರಡನೆಯದಕ್ಕೆ ಅವಳ ತಲೆಗೆ ಹಳೇ ಸಿಂಥಸೈಜರ್ ಹೊಕ್ಕಿತು. ನಾವು ಚಿಕ್ಕವರಿದ್ದಾಗ ಗಣೇಶನ ಪೆಂಡಾಲಿನ ಆರ್ಕೆಸ್ಟ್ರಾದಲ್ಲಿ ಉದ್ದ ತೋಳಿನ ಮಿಂಚು ಅಂಗಿ ತೊಟ್ಟವನೊಬ್ಬ ನಿಂತುಕೊಂಡು ನುಡಿಸುತ್ತಿದ್ದನಲ್ಲ, ಆ ಕೀಬೋರ್ಡು. ಲ್ಯಾಪ್‌ಟಾಪಿನ ಸದ್ದು ತೊಳೆದಿಟ್ಟ ಸ್ಟೀಲ್ ಲೋಟದ ಹಾಗೆ ತೀರಾ ಚೊಕ್ಕಟ, ಹಳೆಯ ಯಂತ್ರದ ಸದ್ದಿನಲ್ಲಿ ಸ್ವಲ್ಪ ಗೊಗ್ಗರು ಇರುತ್ತದೆ, ಅದು ಬೇಕು ಎಂದಳು. ಪ್ರಪಂಚದ ಎಲ್ಲ ಕಡೆ ಈಗ ಅದೇ ನಡೆಯುತ್ತಿದೆಯಂತೆ. ಹಳೇದನ್ನು ಹುಡುಕಿಕೊಂಡು ಹೋಗಿ ಹೊಸದು ಅಂತ ಮಾಡುವುದು ಯಾವ ನ್ಯಾಯ ಎಂದು ನಾನು ಕೇಳಿದೆ. ನಗುತ್ತಾ ನನ್ನ ಕೈಯಿಂದ ಜರಡಿ ಕಿತ್ತುಕೊಂಡಳು.

ಹುಡುಕಾಟ ಕೊರಟಗೆರೆ ಕಡೆಯಿಂದ ಶುರುವಾಯಿತು. ಕೊಳಾಲದಲ್ಲಿ ಒಬ್ಬ ಯಜಮಾನರ ಅಟ್ಟದ ಮೇಲೆ ಒಂದು ಕೀಬೋರ್ಡು ಇದೆ ಎಂದು ಸುದ್ದಿ ಬಂತು. ಹೋದೆವು. ಅವರು ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿದರು. ಇಬ್ಬರು ಹೆಂಗಸರು, ಒಬ್ಬಳು ಸರ್ಕಾರಿ ಟೀಚರು, ಕೆಟ್ಟುಹೋದ ಕೀಬೋರ್ಡಿಗಾಗಿ ಬಸ್ಸು ಹತ್ತಿ ಬಂದಿದ್ದೇವೆ ಅಂದರೆ ಯಾರು ನಂಬುತ್ತಾರೆ? ನಾನೇ ಆಗಿದ್ದರೂ ನಂಬುತ್ತಿರಲಿಲ್ಲ. ಮುಂದಿನ ವಾರ ಬನ್ನಿ ಎಂದು ಕಳಿಸಿದರು. ಮುಂದಿನ ವಾರ ಹೋದಾಗ ಕೀಬೋರ್ಡಿನ ಹೊಟ್ಟೆ ಬಗೆದು, ತಂತಿಗಳನ್ನೆಲ್ಲ ಜಗಲಿ ಮೇಲೆ ಹರವಿಕೊಂಡು ಕೂತಿದ್ದರು. ಹಳೇ ಟೀವಿ, ರೇಡಿಯೋಗಳ ಒಳಗೆ ಕೆಂಪು ಪಾದರಸ ಇರುತ್ತದೆ, ಅದಕ್ಕೆ ಲಕ್ಷಗಟ್ಟಲೆ ಬೆಲೆ ಎಂದು ನಮ್ಮ ಕಡೆ ಒಂದು ಗಾಳಿಸುದ್ದಿ ಬಹಳ ದಿನ ಓಡಾಡಿತ್ತು. ನಾವು ಅದಕ್ಕೇ ಬಂದವರು ಎಂದು ತಿಳಿದು, ನಮಗಿಂತ ಮುಂಚೆ ತಾವೇ ತೆಗೆದುಬಿಡೋಣ ಎಂದು ಬಿಚ್ಚಿದ್ದರು. ಏನೂ ಸಿಗದೆ ನಮ್ಮ ಮೇಲೇ ಸಿಡಿಮಿಡಿಗೊಂಡರು. ಓರಗಿತ್ತಿ ಆ ತಂತಿಗಳನ್ನು ನೋಡಿ ಬಸ್ಸಿನಲ್ಲಿ ದಾರಿಯುದ್ದಕ್ಕೂ ಪೂರ್ತಿ ತೆಲುಗಿನಲ್ಲೇ ಗೊಣಗಿದಳು.

ಕೊನೆಗೆ ಸಿಕ್ಕಿದ್ದು ಶಿರಾದಲ್ಲಿ. ಒಂದು ಕಾಲದಲ್ಲಿ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುತ್ತಿದ್ದ ಮಾಸ್ಟರು ಈಗ ಶಾಮಿಯಾನದ ಅಂಗಡಿ ಇಟ್ಟಿದ್ದರು. ಅಂಗಡಿಯ ಹಿಂದಿನ ಕೋಣೆಯಲ್ಲಿ, ಒಂದರ ಮೇಲೊಂದು ಪೇರಿಸಿದ ಪ್ಲಾಸ್ಟಿಕ್ ಕುರ್ಚಿಗಳ ನಡುವೆ, ಮಂಚದ ಮೇಲೆ ಹಾಸಿಗೆ ಹಾಸಿ ಅದರ ಮೇಲೆ ಕೀಬೋರ್ಡ್ ಮಲಗಿಸಿದ್ದರು. ಅವರು ಬರೀ ನೆಲದ ಮೇಲೆ ಮಲಗುತ್ತಿದ್ದರೆಂದು ಆಮೇಲೆ ಗೊತ್ತಾಯಿತು. ಕೀಬೋರ್ಡಿನಲ್ಲಿ ನಂಬರು ಕಾಣುವ ಪುಟ್ಟ ಕಿಟಕಿಯ ಮೇಲೆ ಆಸ್ಪತ್ರೆಯ ಬಿಳಿ ಪ್ಲಾಸ್ಟರ್ ಅಂಟಿಸಿತ್ತು. ಆ ಕಾಲದ ಆರ್ಕೆಸ್ಟ್ರಾದವರದು ಇದೊಂದು ಪದ್ಧತಿಯಂತೆ. ಯಾವ ಹಾಡಿಗೆ ಯಾವ ನಂಬರಿನ ಸದ್ದು ಎಂಬುದೇ ಅವರ ಬಂಡವಾಳ. ಬೇರೆ ತಂಡದ ಕೀಬೋರ್ಡಿನವರು ಸ್ಟೇಜಿನ ಪಕ್ಕ ಬಂದು ಕೂತು ಕದ್ದು ನೋಡಿ ಬರೆದುಕೊಳ್ಳುತ್ತಿದ್ದರು. ಅದಕ್ಕೇ ಪ್ಲಾಸ್ಟರು. ನುಡಿಸುವವನು ಬೆರಳಿನ ಲೆಕ್ಕದಲ್ಲೇ ನಂಬರು ಬದಲಾಯಿಸಬೇಕು.

ಸ್ವಿಚ್ ಹಾಕುವ ಮುಂಚೆ ಮಾಸ್ಟರು ನಮಗೆ ಹೇಳಿದರು: “ಬೇಜಾರ್ ಮಾಡ್ಕಬೇಡ ಬೇಟಿ. ಇಬ್ರೂ ಗೋಡೆ ಕಡೆ ತಿರಿಕ್ಕಂಡು ಕೂತ್ಕಳಿ. ನನ್ ನಂಬರು ಇವತ್ತಿನ ತನಕ ಯಾರೂ ನೋಡಿಲ್ಲ.”

ಅವರ ತಂಡ ಮುರಿದು ಎಷ್ಟೋ ಕಾಲವಾಗಿತ್ತು, ಆ ನಂಬರು ಕದಿಯುವವರೂ ಊರಲ್ಲಿ ಯಾರೂ ಉಳಿದಿರಲಿಲ್ಲ. ಆದರೂ ನಾವಿಬ್ಬರೂ ಶಾಲೆಯಲ್ಲಿ ಶಿಕ್ಷೆ ಸಿಕ್ಕ ಮಕ್ಕಳ ಹಾಗೆ ಗೋಡೆ ನೋಡುತ್ತಾ ಕೂತೆವು. ಹಿಂದಿನಿಂದ ಆ ಹಳೇ ಗೊಗ್ಗರು ದನಿ ಎದ್ದಿತು. ಓರಗಿತ್ತಿ ನನ್ನ ಕೈ ಹಿಡಿದು ಹಿಚುಕಿದಳು. ನಾನು ಮಾತ್ರ ಮಾಸ್ಟರನ್ನು ಮೆಚ್ಚಿಕೊಂಡೆ. ಅನುಮಾನವನ್ನು ಇಷ್ಟು ಶಿಸ್ತಾಗಿ ಇಟ್ಟುಕೊಂಡವರನ್ನು ನಾನು ಅದೇ ಮೊದಲು ನೋಡಿದ್ದು.

ಕೀಬೋರ್ಡು ಕೊಡುವುದಿಲ್ಲ, ಬೇಕಾದರೆ ಬಂದು ಇಲ್ಲೇ ನುಡಿಸಿಕೊಳ್ಳಿ ಎಂದರು. ಮುಂದಿನ ಭಾನುವಾರವೂ ಇಬ್ಬರೂ ಹೋದೆವು. ಅದರ ಮುಂದಿನ ವಾರ ಅವಳು, ಪಾಪ ಅಕ್ಕ, ನಿನಗೆ ಇರೋದೇ ಒಂದು ಭಾನುವಾರ, ನಾನೊಬ್ಬಳೇ ಹೋಗಿ ಬರುತ್ತೇನೆ ಎಂದಳು. ನನ್ನ ಕಿವಿ ನೆಟ್ಟಗಾಗಿದ್ದು ಅಲ್ಲಿಂದ. ನಮ್ಮ ಮನೆಯಲ್ಲಿ ಯಾರಾದರೂ ನನ್ನ ಭಾನುವಾರದ ಬಗ್ಗೆ ಪಾಪ ಅಂದರೆ ಅದರ ಹಿಂದೆ ಏನೋ ಇದ್ದೇ ಇರುತ್ತದೆ.

ಆಮೇಲೆ ಒಂದೊಂದೇ ಕಣ್ಣಿಗೆ ಬೀಳತೊಡಗಿತು. ಅವಳು ಮಾಡಿ ಕೇಳಿಸುತ್ತಿದ್ದ ಹೊಸ ಹಾಡುಗಳಲ್ಲಿ ಪದಕ್ಕೆ ಜಾಗವೇ ಇರಲಿಲ್ಲ. ಎಲ್ಲಿ ಹಾಡಲಿ ಎಂದರೆ, ಇದೊಂದು ಹಾಗೇ ಇರಲಿ ಎನ್ನುತ್ತಿದ್ದಳು. ಮೈಕ್ ಟೆಸ್ಟ್ ಕಣಕ್ಕ ಎಂದು ಬೀರುವಿನ ಮುಂದೆ ನಿಲ್ಲಿಸಿ, ಪದ ಬೇಡ, ಬರೀ ‘ಆ’ ಅನ್ನು ಎನ್ನುತ್ತಿದ್ದಳು. ಸ ಆಯಿತು, ಇನ್ನೊಂದು ದಿನ ರಿ ಆಯಿತು. ಮೈಕು ಅದೇ, ಬೀರು ಅದೇ, ಟೆಸ್ಟು ಎಷ್ಟು ಸಲ?

ಒಂದು ಬೆಳಿಗ್ಗೆ ನಾನು ರಾಗಿಹಿಟ್ಟು ಜರಡಿ ಹಿಡಿಯುತ್ತಿದ್ದೆ. ಅವಳ ಫೋನು ಉಪ್ಪಿನ ಡಬ್ಬಿಯ ಪಕ್ಕ ಬೋರಲಾಗಿ ಮಲಗಿತ್ತು. ಅವಳು ಮಹಡಿಯಲ್ಲಿದ್ದಳು. ಫೋನು ಬಿಟ್ಟು ಮಹಡಿ ಹತ್ತುವ ಜಾತಿಯಲ್ಲ ಅವಳು. ಎತ್ತಿ ತಿರುಗಿಸಿದೆ. ಪರದೆಯ ಮೇಲೆ ಕೆಂಪು ಚುಕ್ಕೆ ಮಿನುಗುತ್ತಿತ್ತು, ಕೆಳಗೆ ನಿಮಿಷ, ಸೆಕೆಂಡು ಓಡುತ್ತಿತ್ತು. ನನ್ನ ಗುನುಗು ರೆಕಾರ್ಡ್ ಆಗುತ್ತಿತ್ತು!

ಕೂಗಾಡಿ ಮನೆಮಂದಿಯನ್ನೆಲ್ಲ ಸೇರಿಸಬಹುದಿತ್ತು, ಮಾಡಲಿಲ್ಲ. ಫೋನನ್ನು ಹೇಗಿತ್ತೋ ಹಾಗೇ ಬೋರಲು ಮಲಗಿಸಿದೆ. ಅವತ್ತಿನಿಂದ ಮನೆಯಲ್ಲಿ ಗುನುಗುವುದನ್ನು ನಿಲ್ಲಿಸಿಬಿಟ್ಟೆ. ತುಟಿ ಹೊಲಿದುಕೊಂಡವಳ ಹಾಗೆ ರೊಟ್ಟಿ ತಟ್ಟಿದೆ. ಬಾಯಿ ತಾನಾಗಿ ತೆರೆದರೆ ಕೊತ್ತಂಬರಿ ಕಡ್ಡಿ ಇಟ್ಟುಕೊಂಡು ಅಗಿದೆ. ಅತ್ತೆ, ಯಾಕವ್ವ ಮೈ ಹುಷಾರಿಲ್ವಾ ಎಂದು ಹಣೆ ಮುಟ್ಟಿ ನೋಡಿದರು. ಮೈಕ್ ಟೆಸ್ಟಿಗೆ ಕರೆದರೆ ಗಂಟಲು ಕಟ್ಟಿದೆ ಎಂದೆ. ಓರಗಿತ್ತಿ ನನಗೆ ಮೆಣಸಿನ ಕಷಾಯ ಕಾಯಿಸಿ ತಂದುಕೊಟ್ಟಳು. ಅದನ್ನೂ ಅನುಮಾನದಿಂದಲೇ ಕುಡಿದೆ. ನನ್ನ ಗಂಟಲು ಸರಿಹೋಗುವುದರಲ್ಲಿ ಅವಳಿಗೇನು ಲಾಭ ಎಂದು ಯೋಚಿಸುತ್ತಾ ಲೋಟ ಬರಿದು ಮಾಡಿದೆ.

ಅವಳಿಲ್ಲದಾಗ ಒಂದು ದಿನ ಅವಳ ಬೀರು ತೆರೆದೆ. ಹುಡುಕುವುದಕ್ಕಲ್ಲ, ಒಗೆದ ಸೀರೆ ಇಡುವುದಕ್ಕೆ. ಸೀರೆಗಳ ಹಿಂದೆ ಎರಡು ದಪ್ಪ ಸ್ವೆಟರ್ ಇದ್ದವು, ಅಂಗಡಿಯ ಚೀಟಿ ಕೂಡ ಕಿತ್ತಿರಲಿಲ್ಲ. ನಮ್ಮ ಮಧುಗಿರಿಯಲ್ಲಿ ಬಂಡೆ ಕಾದರೆ ರಾತ್ರಿಯೂ ಆರುವುದಿಲ್ಲ. ಅವಳ ಪಾವಗಡದ ಬಿಸಿಲನ್ನಂತೂ ಕೇಳುವುದೇ ಬೇಡ. ಸ್ವೆಟರು ಯಾಕೆ? ನಮ್ಮನ್ನು ಬಿಟ್ಟು ಊಟಿಗೆ ಹೊರಟಿದ್ದಾರೆ ಎಂದು ಮೊದಲು ಅನ್ನಿಸಿತು. ಆಮೇಲೆ ಎಲ್ಲವನ್ನೂ ಸೇರಿಸಿ ನೋಡಿದೆ. ಪದವಿಲ್ಲದ ಹಾಡು, ಕದ್ದ ಗುನುಗು, ಒಂಟಿ ಭಾನುವಾರ, ತಣ್ಣನೆಯ ಊರಿಗೆ ಬೇಕಾದ ಬಟ್ಟೆ. ಯಾರೋ ಎಲ್ಲಿಂದಲೋ ಇವಳನ್ನು ಕರೆದಿದ್ದಾರೆ. ನನ್ನ ದನಿ ತುಂಬಿಕೊಂಡು, ನನ್ನನ್ನು ಬಿಟ್ಟು, ಎರಡನೇ ಆಲ್ಬಮ್ಮನ್ನು ತನ್ನೊಬ್ಬಳ ಹೆಸರಿನಲ್ಲಿ ಮಾಡಲು ಹೊರಟಿದ್ದಾಳೆ.

ಊಟಕ್ಕೆ ಕೂತಾಗ ಸ್ವೆಟರಿನ ವಿಷಯ ನಮ್ಮ ಮನೆಯವರ ಕಿವಿಗೆ ಹಾಕಿದೆ. ಯಾವ ಸ್ವೆಟರು ಎಂದು ಕೇಳಬೇಕಿತ್ತು. ಕೇಳಲಿಲ್ಲ. ಸಾರಿಗೆ ಉಪ್ಪು ಜಾಸ್ತಿ ಎಂದರು. ಸಾರು ಸರಿಯಾಗಿಯೇ ಇತ್ತು. ಇವರಿಗೂ ಗೊತ್ತಿದೆ ಎಂದು ನನಗೆ ಖಾತ್ರಿಯಾಯಿತು. ಮದುವೆಯಾದಂದಿನಿಂದ ಆ ಮನುಷ್ಯನಿಗೆ ಸುಳ್ಳು ಹೇಳಲು ಬಂದಿಲ್ಲ, ಉಪ್ಪಿನ ಮೇಲೆ ಹಾಕುತ್ತಾರೆ.

ನಗಬೇಡಿ. ನನಗೆ ಆ ಹಾಡುಗಳು ಏನಾಗಿದ್ದವು ಎಂದು ಹೇಳಿದರೆ ನಿಮಗೆ ಅರ್ಥವಾದೀತು. ಶಾಲೆಯಲ್ಲಿ ನಾನು ಟೀಚರು, ಮನೆಯಲ್ಲಿ ಹಿರೀ ಸೊಸೆ. ಎರಡೂ ಕಡೆ ನಾನು ಇಲ್ಲದಿದ್ದರೆ ಇನ್ನೊಬ್ಬಳು ಬಂದು ಅದೇ ಕೆಲಸ ಮಾಡುತ್ತಾಳೆ. ಸೀರೆಗಳೊಳಗೆ ಮುಖ ಹುದುಗಿಸಿ ಹಾಡುವಾಗ ಮಾತ್ರ, ಹಿಂದಿನಿಂದ ಒಬ್ಬಳು, ಇನ್ನೊಂದು ಸಲ ಅಕ್ಕ, ಇದು ನಿನಗೆ ಮಾತ್ರ ಬರುತ್ತೆ ಎನ್ನುತ್ತಿದ್ದಳು. ಆ ಮಾತು ನನಗೆ ಬೇಕಾಗಿತ್ತು. ಈಗ ಅವಳು ಆ ಮಾತನ್ನು ಯಂತ್ರಕ್ಕೆ ಹೇಳಲು ಹೊರಟಿದ್ದಾಳೆ ಎಂದು ಹೊಟ್ಟೆಯೊಳಗೆ ಕಿಚ್ಚು ಹತ್ತಿಕೊಂಡಿತು.

ಮುಂದಿನ ಭಾನುವಾರ ಅವಳು ಶಿರಾ ಬಸ್ಸು ಹತ್ತಿದಳು. ಒಂದು ಗಂಟೆ ಬಿಟ್ಟು, ಮದಲೂರಿಗೆ ಹೋಗಿ ಅಮ್ಮನನ್ನು ನೋಡಿ ಬರುತ್ತೇನೆ ಎಂದು ಅತ್ತೆಗೆ ಹೇಳಿ ನಾನೂ ಹತ್ತಿದೆ. ತವರು ಆ ದಾರಿಯಲ್ಲೇ ಇರುವುದರಿಂದ ಯಾರೂ ಏನೂ ಕೇಳುವಂತಿರಲಿಲ್ಲ. ದಾರಿಯಲ್ಲಿ ಏನೇನು ಬೈಯಬೇಕು ಎಂದು ಮನಸ್ಸಿನಲ್ಲೇ ಪಾಠದ ಹಾಗೆ ಸಿದ್ಧ ಮಾಡಿಕೊಂಡೆ. ಶಿರಾದಲ್ಲಿ ಇಳಿದು, ಸೆರಗು ಬಿಗಿದುಕೊಂಡು, ಶಾಮಿಯಾನದ ಅಂಗಡಿಯ ಕಡೆ ನಡೆದೆ.

ಅಂಗಡಿಯಲ್ಲಿ ಯಾರೂ ಇರಲಿಲ್ಲ. ಹಿಂದಿನ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಅಲ್ಲಿಂದ ಹಾಡು ಬರುತ್ತಿತ್ತು. ಸುತ್ತಿಟ್ಟ ಪರದೆಗಳ ನಡುವೆ ನಾನು ನಿಂತುಬಿಟ್ಟೆ.

ಹಾಡುತ್ತಿದ್ದವಳು ನಾನು. ದನಿ ನನ್ನದೇ, ಮೂಗಿನ ತುದಿಗೆ ತಾಗಿ ಬರುವ ಆ ಎಳೆಯೂ ನನ್ನದೇ. ಆದರೆ ಆ ರಾಗವನ್ನು ನಾನು ಹುಟ್ಟಿದಾಗಿನಿಂದ ಹಾಡಿರಲಿಲ್ಲ. ಹಳೇ ಲೌಡ್‌ಸ್ಪೀಕರಿನಿಂದ ಬಂದ ಹಾಗೆ ಸ್ವಲ್ಪ ಗೊಗ್ಗರಾಗಿ, ನನ್ನ ದನಿ ನನ್ನನ್ನು ಕೇಳದೆ ಮೇಲೆ ಹತ್ತುತ್ತಿತ್ತು, ಇಳಿಯುತ್ತಿತ್ತು. ಹತ್ತುತ್ತಾ ಹತ್ತುತ್ತಾ ಒಂದು ಕಡೆ ಗಕ್ಕನೆ ನಿಂತು, ಒಂದು ಮೆಟ್ಟಿಲು ಬಿಟ್ಟು, ಮತ್ತೆ ಮೇಲಿಂದ ಶುರುವಾಗುತ್ತಿತ್ತು. ಹೆದರಿಕೆಯಾಯಿತು ಎಂದೇ ಹೇಳಬೇಕು. ಬಸ್ಸಿನಲ್ಲಿ ಸಿದ್ಧ ಮಾಡಿಕೊಂಡ ಬೈಗುಳದಲ್ಲಿ ಒಂದೂ ನೆನಪಿಗೆ ಬರಲಿಲ್ಲ.

ಬಾಗಿಲು ತಳ್ಳಿದೆ. ಓರಗಿತ್ತಿ ಮಂಚದ ಮುಂದೆ ಕೀಬೋರ್ಡಿಗೆ ಬಾಗಿ ಕೂತಿದ್ದಳು. ಮೂಲೆಯಲ್ಲಿ ಮಾಸ್ಟರು, ಕೈಯಲ್ಲಿ ಚಹಾದ ಲೋಟ ಹಿಡಿದು, ಗೋಡೆಯ ಕಡೆ ಮುಖ ಮಾಡಿ ಕೂತಿದ್ದರು. ಅವರ ಕೀಬೋರ್ಡಿನಲ್ಲಿ ತಾನು ಒತ್ತುವ ನಂಬರನ್ನು ಅವರಿಗೇ ನೋಡಲು ಬಿಡದೆ ಗೋಡೆಗೆ ತಿರುಗಿಸಿ ಕೂರಿಸಿದ್ದಳು ಈ ಗಟ್ಟಿಗಿತ್ತಿ.

ನನ್ನನ್ನು ಕಂಡು ಅವಳ ಬೆರಳು ಕೀಗಳ ಮೇಲೇ ನಿಂತಿತು. ನನ್ನ ದನಿ ‘ಆ’ ಎಂದು ಒಂದೇ ಸಮ ಎಳೆಯುತ್ತಲೇ ಇತ್ತು. ಮೊದಲು ಅದನ್ನು ನಿಲ್ಲಿಸು ಎಂದೆ. ಬೆರಳೆತ್ತಿದಳು.

“ಕದ್ದುಮುಚ್ಚಿ ಯಾಕೆ ಮಾಡ್ದೆ? ಕೇಳಿದ್ರೆ ಕೊಡ್ತಿರ್ಲಿಲ್ವಾ ನಾನು?”

ಅವಳು ತಲೆ ತಗ್ಗಿಸಿದಳು. “ಕೇಳಿದ್ರೆ ಯಾಕೆ ಅಂತ ಕೇಳ್ತಿದ್ದೆ ಅಕ್ಕ. ಅದಕ್ಕೇನು ಹೇಳ್ಲಿ? ಇವ್ರಿಗೆ ಪ್ರಮೋಷನ್ ಆಗೈತೆ. ಶಿಲ್ಲಾಂಗಿಗೆ ಹಾಕವ್ರೆ. ನಿನ್ ಇಸ್ಕೂಲಿಗೆ ರಜ ಬರೋ ಹೊತ್ಗೆ ಹೊರಡ್ಬೇಕು.”

ಮೈದುನ ಬ್ಯಾಂಕಿನಲ್ಲಿ ಗುಮಾಸ್ತ. ಆಫೀಸರ್ ಆದರೆ ದೂರದ ರಾಜ್ಯಕ್ಕೆ ಹಾಕುತ್ತಾರೆಂದು ಎಲ್ಲರಿಗೂ ಗೊತ್ತಿದ್ದದ್ದೇ. ಪರೀಕ್ಷೆ ಬರೆದದ್ದು ಮಾತ್ರ ನನಗೆ ಗೊತ್ತಿರಲಿಲ್ಲ. ಸ್ವೆಟರು ಊಟಿಗಲ್ಲ. ನಮ್ಮ ಮನೆಯವರಿಗೆ ಸಾರು ಉಪ್ಪಾದದ್ದೂ ಅದಕ್ಕೇ. ನಾನು ಕುರ್ಚಿಯ ಗೋಪುರದಿಂದ ಒಂದನ್ನು ಎಳೆದು ಕೂತೆ.

ಉಳಿದದ್ದನ್ನು ಅವಳು ತಡವರಿಸುತ್ತಾ, ಅರ್ಧ ತೆಲುಗಿನಲ್ಲಿ ಹೇಳಿದಳು. ಈ ಕೀಬೋರ್ಡಿಗೆ ಹೊರಗಿನ ಸದ್ದನ್ನು ತುಂಬಿಸಬಹುದು, ಆರ್ಕೆಸ್ಟ್ರಾದವರು ಢೋಲಕ್ಕು, ಚಪ್ಪಾಳೆ ಎಲ್ಲ ಹಾಗೇ ತುಂಬಿಸಿಕೊಳ್ಳುತ್ತಿದ್ದರಂತೆ. ಅವಳು ಒಂದೊಂದು ಕೀಗೆ ನನ್ನ ಒಂದೊಂದು ಸ್ವರ ತುಂಬಿಸಿದ್ದಳು. ಒಂದು ಸ್ವರವನ್ನೇ ಹಿಗ್ಗಿಸಿ ಕುಗ್ಗಿಸಿ ಎಲ್ಲ ಕೀಗೂ ಹಾಕಬಹುದು, ಯಂತ್ರಕ್ಕೆ ಅದು ಬರುತ್ತದೆ, ಆದರೆ ಹಿಗ್ಗಿಸಿದ್ದು ನೀನಾಗಿರುವುದಿಲ್ಲ, ಎಳೇ ಮಗು ಕಿರುಚಿದಂಗಿರುತ್ತೆ ಎಂದಳು. ಅದಕ್ಕೇ ಮೈಕ್ ಟೆಸ್ಟು, ಅದಕ್ಕೇ ಉಪ್ಪಿನ ಡಬ್ಬಿಯ ಪಕ್ಕದ ಫೋನು. ಮಾಸ್ಟರು ಕೀಬೋರ್ಡನ್ನು ಅವಳ ಜೊತೆ ಕಳಿಸಲು ಒಪ್ಪಿದ್ದರು. ಅವರ ಬೆರಳು ಈಗ ಹೇಳಿದ ಮಾತು ಕೇಳುವುದಿಲ್ಲವಂತೆ. ನಂಬರಿನ ಮೇಲಿನ ಪ್ಲಾಸ್ಟರ್ ಕೀಳಬಾರದು ಎಂಬುದೊಂದೇ ಅವರ ಷರತ್ತು.

“ಅಲ್ಲಿ ನಾನೊಬ್ಳೇ ಕೂತ್ಕಂಡು ಹೆಂಗಕ್ಕ ಹಾಡು ಮಾಡ್ಲಿ?” ಎಂದಳು. “ಹೇಳ್ಬುಟ್ಟಿದ್ರೆ ನೀನು ಮುನಿಸ್ಕಂಡು ಬಾಯೇ ಬುಡ್ತಿರ್ಲಿಲ್ಲ.”

ಬಿಡುತ್ತಿರಲಿಲ್ಲ, ನಿಜ. ಹೇಳದಿದ್ದರೂ ಬಿಟ್ಟಿರಲಿಲ್ಲವಲ್ಲ. ನನಗೆ ಅಳು ಬಂತು, ಅದಕ್ಕಿಂತ ಮೊದಲು ಸಿಟ್ಟು ಬಂತು. ಇವಳು ಹೋಗುತ್ತಾಳೆ. ಹೋಗುವುದನ್ನು ಎಲ್ಲರಿಗೂ ಹೇಳಿ ನನಗೆ ಮಾತ್ರ ಹೇಳದೆ, ನನ್ನನ್ನೇ ಡಬ್ಬಿಗೆ ತುಂಬಿಕೊಳ್ಳುತ್ತಿದ್ದಾಳೆ. ಅಲ್ಲಿ ಮಳೆಯ ಊರಿನಲ್ಲಿ ಕೂತು ಬೆರಳು ಒತ್ತಿದಾಗೆಲ್ಲ ನಾನು ಹಾಡಬೇಕು. ಇಲ್ಲಿ ಅಡುಗೆಮನೆಯಲ್ಲಿ ನಾನು ಯಾರಿಗೆ ಹಾಡಲಿ? ಅದನ್ನು ಅವಳು ಯೋಚಿಸಿದ್ದಳೋ ಇಲ್ಲವೋ.

ಅವಳು ಮೆಲ್ಲಗೆ ನನ್ನ ಮೊಣಕೈ ಹಿಡಿದಳು. ಎಲ್ಲ ಸಿಕ್ಕಿದೆ, ಮೇಲಿನ ‘ನಿ’ ಒಂದು ಸಿಕ್ಕಿಲ್ಲ, ಅಷ್ಟರಲ್ಲಿ ನಿನ್ನ ಗಂಟಲು ಕಟ್ಟಿತು ಎಂದಳು. ಬಲಗಡೆಯ ಒಂದು ಬಿಳಿ ಕೀ ಒತ್ತಿದಳು. ಸದ್ದಿಲ್ಲ. ನಾನು ಬಾಗಿಲ ಹೊರಗೆ ನಿಂತಾಗ ಕೇಳಿದ ಬಿಟ್ಟುಹೋದ ಮೆಟ್ಟಿಲು ಅದೇ. ಮಂಚದ ಅಂಚಿಗೆ ನೇತುಹಾಕಿದ್ದ ಮೈಕನ್ನು ತಂದು ನನ್ನ ಬಾಯಿಯ ಮುಂದೆ ಹಿಡಿದಳು.

“ಒಂದೇ ಒಂದ್ಸಲ ಅಂದ್ಬುಡಕ್ಕ. ಇಲ್ಲಿಗೆ ಮುಗೀತು.”

ಮೂಲೆಯಿಂದ ಮಾಸ್ಟರು, ಈಗ ತಿರುಗಬಹುದಾ ಎಂದು ಕೇಳಿದರು. ಇನ್ನೂ ಇಲ್ಲ ಎಂದು ಇಬ್ಬರೂ ಒಟ್ಟಿಗೆ ಹೇಳಿದೆವು.

ನಾನು ಉಸಿರು ತೆಗೆದುಕೊಂಡೆ. ಬಾಯಿ ತೆರೆದೆ. ಸ್ವರ ಗಂಟಲಲ್ಲೇ ಇತ್ತು, ಅಷ್ಟು ದಿನ ಸುಮ್ಮನಿದ್ದದ್ದಕ್ಕೋ ಏನೋ ಎಂದೂ ಇಲ್ಲದಷ್ಟು ಶುದ್ಧವಾಗಿ ನಿಂತಿತ್ತು. ಅವಳು ಅಂದ ಮಾತು ಆಗ ಮತ್ತೆ ಕಿವಿಯಲ್ಲಿ ಕೇಳಿಸಿತು. ಇಲ್ಲಿಗೆ ಮುಗೀತು. ಬಾಯಿ ಮುಚ್ಚಿದೆ.

ಕೋಣೆಯ ಕಿಟಕಿ ಕಟ್ಟೆಯ ಮೇಲೆ ಮಾಸ್ಟರ ಪ್ಲಾಸ್ಟರಿನ ಸುರುಳಿ ಇತ್ತು. ಹಲ್ಲಿನಲ್ಲಿ ಒಂದು ತುಂಡು ಹರಿದು, ಆ ಬಿಳಿ ಕೀ ಮೇಲೆ ಅಂಟಿಸಿ, ಹೆಬ್ಬೆರಳಿನಲ್ಲಿ ಗಟ್ಟಿಯಾಗಿ ಒತ್ತಿದೆ.

“ಇದೊಂದು ಇಲ್ಲೇ ಇರ್ತೈತೆ,” ಎಂದೆ. “ಬೇಕಾದಾಗ ಬಂದು ಇಸ್ಕಂಡೋಗು.”

ಅವಳು ನನ್ನ ಮುಖ ನೋಡಿದಳು. ಬೇಡಿಕೊಳ್ಳುತ್ತಾಳೆ ಅಂದುಕೊಂಡೆ. ಇಲ್ಲ. ಪ್ಲಾಸ್ಟರಿನ ಒಂದು ಮೂಲೆ ಎದ್ದುಕೊಂಡಿತ್ತು, ಅದನ್ನು ತಾನೇ ಉಗುರಿನಿಂದ ಒತ್ತಿ ಕೂರಿಸಿದಳು. ಆಮೇಲೆ ಇಬ್ಬರೂ ಅತ್ತೆವು. ಮಾಸ್ಟರು ಗೋಡೆಗೆ ಹೇಳಿದ ಹಾಗೆ, ಅರೆ ಭಾಯ್, ಚಾಯ್ ಆರಿಹೋಯ್ತು ಎಂದರು.

ಶಾಲೆಗೆ ರಜೆ ಬಂತು, ಅವರು ಹೊರಟರು. ಕೀಬೋರ್ಡನ್ನು ಶಿರಾದ ಕಂಬಳಿಯಲ್ಲಿ ಸುತ್ತಿ, ಅದರ ಮೇಲೆ ಅವಳ ಹಳೇ ಸೀರೆ ಸುತ್ತಿ, ನಾನೇ ಹಗ್ಗ ಬಿಗಿದೆ. ಮನೆಯಲ್ಲಿ ಎಲ್ಲರಿಗೂ ನನಗಿಂತ ಮುಂಚೆ ಗೊತ್ತಿತ್ತು ಎಂಬ ವಿಷಯಕ್ಕೆ ನಮ್ಮ ಮನೆಯವರನ್ನು ನಾನು ಇನ್ನೂ ಕ್ಷಮಿಸಿಲ್ಲ. ಅವರ ಸಾರಿಗೆ ಆಗಾಗ ನಿಜವಾಗಿಯೂ ಉಪ್ಪು ಜಾಸ್ತಿ ಹಾಕುತ್ತೇನೆ.

ಎರಡನೇ ಆಲ್ಬಮ್ಮು ಶಿಲ್ಲಾಂಗಿನಿಂದ ಹೊರಬಂತು. ಇಬ್ಬರ ಹೆಸರೂ ಇದೆ, ನನ್ನದೇ ಮೊದಲು. ಪದಗಳನ್ನು ನಾನು ಫೋನಿನಲ್ಲಿ ಹೇಳಿದೆ, ಮೇಲಿನ ನಿ ಎಲ್ಲೂ ಬಾರದ ಹಾಗೆ ನೋಡಿಕೊಂಡು ನನ್ನ ಬೀರುವಿನೊಳಗೆ ಮುಖ ಇಟ್ಟು ಹಾಡಿ ಕಳಿಸಿದೆ. ಮಿಕ್ಕಿದ್ದನ್ನು ಅವಳು ಆ ಹಳೇ ಕೀಬೋರ್ಡಿನಲ್ಲಿ ಮಾಡಿದಳು. ಎಲ್ಲ ಹಾಡಿನಲ್ಲೂ ನನ್ನ ಗೊಗ್ಗರು ದನಿ ಹಿಂದೆ ಹಿಂದೆ ಬರುತ್ತದೆ, ಮೇಲೆ ಹತ್ತುತ್ತದೆ, ಒಂದು ಮೆಟ್ಟಿಲು ಬಿಟ್ಟು ನೆಗೆಯುತ್ತದೆ. ಕೇಳಿದವರು ಏನೇನೋ ಬರೆಯುತ್ತಾರೆ. ಒಬ್ಬರಿಗೆ ಅದು ಹಳೇ ಯಂತ್ರದ ದೋಷದಂತೆ ಕೇಳಿಸಿದೆ, ಇನ್ನೊಬ್ಬರು ಬೇಕೆಂದೇ ಬಿಟ್ಟ ಹೊಸ ಶೈಲಿ ಎಂದು ಹೊಗಳಿದ್ದಾರೆ. ಅವಳು ಯಾರಿಗೂ ಉತ್ತರ ಕೊಡುವುದಿಲ್ಲ. ನಾನೂ ಕೊಡುವುದಿಲ್ಲ.

ಅವಳು ಹೊಸ ಹಾಡು ಕಳಿಸಿದಾಗಲೆಲ್ಲ ನಾನು ಬಾಗಿಲು ಹಾಕಿಕೊಂಡು, ಇಯರ್‌ಫೋನ್ ಸಿಕ್ಕಿಸಿಕೊಂಡು, ಕೊನೆಯ ತನಕ ಕೇಳುತ್ತೇನೆ. ಚೆನ್ನಾಗಿದೆಯೋ ಇಲ್ಲವೋ ಆಮೇಲಿನ ಮಾತು. ಪಕ್ಕದ ಸ್ವರವನ್ನು ಹಿಗ್ಗಿಸಿ ಆ ಜಾಗ ಮುಚ್ಚಿದ್ದಾಳೋ ಎಂದು ನೋಡುತ್ತೇನೆ. ಇವತ್ತಿನ ತನಕ ಮುಚ್ಚಿಲ್ಲ. ಪ್ಲಾಸ್ಟರ್ ಹಾಗೇ ಇದೆಯಾ ಎಂದು ಕೇಳಿದರೆ ಫೋಟೋ ತೆಗೆದು ಕಳಿಸುತ್ತಾಳೆ. ಮೂಲೆ ಕಪ್ಪಾಗಿದೆ, ಅಂಟು ಬಿಟ್ಟಿಲ್ಲ. ಫೋಟೋ ಹಳೆಯದೋ ಹೊಸದೋ ಎಂದು ಹಿಂದೆ ಕಾಣುವ ಕಿಟಕಿಯ ಬಿಸಿಲು ನೋಡಿ ಲೆಕ್ಕ ಹಾಕುತ್ತೇನೆ.

ಗುನುಗುವುದು ಮತ್ತೆ ಶುರುವಾಗಿದೆ. ಹಿಟ್ಟು ಜರಡಿ ಹಿಡಿಯುವಾಗ ಮೇಲಿನ ನಿ ಬಂದರೆ, ಸುತ್ತ ಯಾರ ಫೋನೂ ಇಲ್ಲ ಎಂದು ನೋಡಿಕೊಂಡು, ಆಮೇಲೆ ಪೂರ್ತಿ ಹಾಡುತ್ತೇನೆ. ಚೆನ್ನಾಗಿ ಬರುತ್ತದೆ. ಹೋದ ವಾರ ಅವಳು ಫೋನು ಮಾಡಿ, ದಸರೆಗೆ ಬರ್ತಾ ಇದೀನಿ, ಕೀಬೋರ್ಡು ತರ್ತೀನಿ, ನನ್ನ ಸ್ವರ ತೆಗೆದಿಟ್ಟಿರು ಎಂದಳು. ಆಗಲಿ ಬಾ ಎಂದೆ. ಅತ್ತೆ ಆಗಲೇ ಅವಳಿಗೆಂದು ಹುರಳಿ ಆರಿಸುತ್ತಿದ್ದಾರೆ. ಕೊಡುವುದೋ ಬೇಡವೋ ಎಂದು ನಾನು ಮಾತ್ರ ಇನ್ನೂ ತೀರ್ಮಾನ ಮಾಡಿಲ್ಲ. ಕೊಟ್ಟುಬಿಟ್ಟರೆ, ಅದರ ಮುಂದಿನ ದಸರೆಗೆ ಅವಳು ಯಾಕೆ ಬರುತ್ತಾಳೆ?